ರಟ್ಟಿನ ಮೇಲೆ ರುಜು: ಕೆನಡಾದ ಹಾಕಿ ಕಾರ್ಡುಗಳ ಚರಿತ್ರೆ

ಕೆನಡಾದಲ್ಲಿ ಹಾಕಿ ಎಂದಷ್ಟೇ ಹೇಳಿದರೆ ಅದು ಐಸ್ ಹಾಕಿ. ಕೊಡಗಿನ ಮನೆತನಗಳು ಬೇಸಿಗೆಯಲ್ಲಿ ಪಂದ್ಯ ಕಟ್ಟಿ ಆಡುವ ಮೈದಾನದ ಹಾಕಿಗೂ ಇದಕ್ಕೂ ಹೆಸರು ಮತ್ತು ತುದಿ ಬಾಗಿದ ಕೋಲು ಸಮಾನವಾಗಿದ್ದರೂ, ಇಲ್ಲಿ ಆಟಗಾರರು ಸ್ಕೇಟ್ ತೊಟ್ಟು ಮಂಜುಗಡ್ಡೆಯ ಮೇಲೆ ಜಾರುತ್ತ, ಚೆಂಡಿನ ಬದಲು ‘ಪಕ್’ ಎಂಬ ಗಟ್ಟಿ ರಬ್ಬರಿನ ಬಿಲ್ಲೆಯನ್ನು ಗೋಲಿನತ್ತ ಹೊಡೆಯುತ್ತಾರೆ. ಈ ಆಟದ ಸುತ್ತ ಬೆಳೆದ ಹವ್ಯಾಸಗಳಲ್ಲಿ ಹಾಕಿ ಕಾರ್ಡುಗಳ ಸಂಗ್ರಹ ನೂರು ವರ್ಷಕ್ಕೂ ಹಳೆಯದು. ಒಂದು ಬದಿಯಲ್ಲಿ ಆಟಗಾರನ ಚಿತ್ರ, ಇನ್ನೊಂದು ಬದಿಯಲ್ಲಿ ಅವನ ಹುಟ್ಟೂರು, ಎತ್ತರ, ತೂಕ, ಹೊಡೆದ ಗೋಲುಗಳ ಲೆಕ್ಕ ಇರುವ ಅಂಗೈಯಗಲದ ರಟ್ಟಿನ ತುಂಡೇ ಹಾಕಿ ಕಾರ್ಡ್. ಬೇರೊಂದು ಸರಕನ್ನು ಮಾರಲೆಂದು ಲೆಕ್ಕವಿಲ್ಲದಷ್ಟು ಪ್ರತಿಗಳಲ್ಲಿ ಅಚ್ಚಾದ ಈ ತುಂಡಿನ ಮೇಲೆ ಆಟಗಾರ ತನ್ನ ಕೈಯಾರೆ ರುಜು ಹಾಕಿದಾಗ, ಅದು ಇಬ್ಬರು ಮನುಷ್ಯರು ಎದುರಾದ ಗಳಿಗೆಯೊಂದರ ದಾಖಲೆಯಾಗುತ್ತದೆ; ರುಜುವಿರುವ ಕಾರ್ಡುಗಳ ಚರಿತ್ರೆಯನ್ನು ಆ ಗಳಿಗೆಯ ಚರಿತ್ರೆಯೆಂದೇ ಓದಬೇಕಾಗುತ್ತದೆ.

ಮೊದಲ ಹಾಕಿ ಕಾರ್ಡುಗಳು ಬಂದದ್ದು 1910–11ರ ಸುಮಾರಿಗೆ, ಸಿಗರೇಟು ಪೊಟ್ಟಣಗಳೊಳಗೆ. ಆ ಮೊದಲ ಸರಣಿಯಲ್ಲಿ 36 ಕಾರ್ಡುಗಳಿದ್ದವು, ಮರುವರ್ಷದ್ದರಲ್ಲಿ 45. 1920ರ ದಶಕದಲ್ಲಿ ಮಿಠಾಯಿ ತಯಾರಕರೂ 1930ರ ದಶಕದಲ್ಲಿ ಚೂಯಿಂಗ್ ಗಮ್ ತಯಾರಕರೂ ಇದೇ ದಾರಿ ಹಿಡಿದದ್ದರಿಂದ, ದೊಡ್ಡವರ ಜೇಬಿನಲ್ಲಿದ್ದ ಕಾರ್ಡು ಮಕ್ಕಳ ಕೈಗೆ ಬಂತು. ಅದೇ ಕಾಲದಲ್ಲಿ, 1934ರಿಂದ 1967ರವರೆಗೆ, ಒಂಟಾರಿಯೊ ಪ್ರಾಂತದ ಪೋರ್ಟ್ ಕ್ರೆಡಿಟ್‌ನ ಸೇಂಟ್ ಲಾರೆನ್ಸ್ ಸ್ಟಾರ್ಚ್ ಕಂಪನಿಯು ತನ್ನ ‘ಬೀ ಹೈವ್’ ಎಂಬ ಜೋಳದ ಪಾಕದ ಡಬ್ಬಿಯಿಂದ ಕಿತ್ತ ಪಟ್ಟಿಯನ್ನು ಅಂಚೆಯಲ್ಲಿ ಕಳಿಸಿದವರಿಗೆ ಅವರು ಕೇಳಿದ ಆಟಗಾರನ ಛಾಯಾಚಿತ್ರವನ್ನು ಕಳಿಸಿಕೊಡುತ್ತಿತ್ತು. ಯುದ್ಧಕಾಲದಲ್ಲಿ ಗಮ್ ಕಾರ್ಡುಗಳು ನಿಂತೇಹೋದವು, ಮತ್ತು ಹತ್ತು ವರ್ಷ ಮರಳಿ ಬರಲಿಲ್ಲ. ಆದ್ದರಿಂದ 1944–45ರಲ್ಲಿ ಮಾಂಟ್ರಿಯಲ್ ಕನೇಡಿಯನ್ಸ್ ತಂಡದ ಮೊರೀಸ್ ರಿಶಾರ್ 50 ಪಂದ್ಯಗಳಲ್ಲಿ 50 ಗೋಲು ಹೊಡೆದು, ನ್ಯಾಷನಲ್ ಹಾಕಿ ಲೀಗ್ ಅಂದರೆ ಎನ್‌ಎಚ್‌ಎಲ್‌ನಲ್ಲಿ ಅದುವರೆಗೆ ಯಾರೂ ಮಾಡದ್ದನ್ನು ಮಾಡಿದಾಗ, ಅವನ ಹೆಸರಿನ ಗಮ್ ಕಾರ್ಡೊಂದೂ ಇರಲಿಲ್ಲ. ಕೆನಡಾದ ಪಾರ್ಕ್‌ಹರ್ಸ್ಟ್ ಕಂಪನಿ 1951–52ರಲ್ಲಿ 105 ಕಾರ್ಡುಗಳ ಸರಣಿಯನ್ನು ಹೊರತಂದಾಗಲಷ್ಟೇ ರಿಶಾರ್ ಮತ್ತು ಡೆಟ್ರಾಯಿಟ್‌ನ ಗಾರ್ಡಿ ಹೌ ಇಬ್ಬರೂ ಗಮ್ಮಿನ ಪೊಟ್ಟಣದೊಳಗೆ ಸೇರಿದರು. ಆಟಗಾರನೊಬ್ಬನ ಹೀಗೆ ಬರುವ ಮೊದಲ ಕಾರ್ಡನ್ನು ಸಂಗ್ರಾಹಕರು ‘ರೂಕಿ ಕಾರ್ಡ್’, ಅಂದರೆ ಹೊಸಬನ ಕಾರ್ಡ್, ಎನ್ನುತ್ತಾರೆ. ಆದರೆ ಈ ಇಬ್ಬರೂ ಆ ವೇಳೆಗೆ ಆಟದಲ್ಲಿ ಪಳಗಿ ಹೆಸರಾಗಿದ್ದವರು.

ಮಕ್ಕಳು ಈ ಕಾರ್ಡುಗಳನ್ನು ಗೋಡೆಗೆ ಎಸೆದು ಆಡಿದರು, ಸೈಕಲ್ಲಿನ ಚಕ್ರಕ್ಕೆ ಸಿಕ್ಕಿಸಿ ಸದ್ದು ಮಾಡಿಸಿದರು, ಅಂಕಿಯ ಕ್ರಮದಲ್ಲಿ ಜೋಡಿಸಿ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿಟ್ಟರು. ಅಮೆರಿಕದ ಟಾಪ್ಸ್ ಕಂಪನಿಯ 1958–59ರ ಸರಣಿಯಲ್ಲಿ ಶಿಕಾಗೋದ ಬಾಬಿ ಹಲ್‌ನ ರೂಕಿ ಕಾರ್ಡ್ 66ನೆಯದು, ಅದೇ ಕೊನೆಯದು. ಕಟ್ಟಿನ ಹೊರಮೈಗೆ ಬಂದ ಆ ಕಾರ್ಡು ರಬ್ಬರ್ ಬ್ಯಾಂಡಿನ ಬಿಗಿತವನ್ನೂ ಉಜ್ಜಾಟವನ್ನೂ ಎಲ್ಲಕ್ಕಿಂತ ಹೆಚ್ಚು ಉಂಡದ್ದರಿಂದ ಅಂಚು ಸವೆಯದೆ ಉಳಿದ ಪ್ರತಿಗಳು ಬಹಳ ಕಡಿಮೆ. ಮುಂದೆ ಒಂದೇ ಋತುವಿನಲ್ಲಿ 50ಕ್ಕಿಂತ ಹೆಚ್ಚು ಗೋಲು ಹೊಡೆದ ಮೊದಲಿಗನಾದವನು ಇದೇ ಹಲ್ (1965–66ರಲ್ಲಿ 54). ಅಂಥವನ ಮೊದಲ ಕಾರ್ಡು ಹೀಗೆ ಸವೆದದ್ದು ನಷ್ಟವೇ ಆದರೂ, ಅದು ಮಕ್ಕಳ ಕೈಯಲ್ಲಿ ನಿಜವಾಗಿ ಬದುಕಿತ್ತೆಂಬುದಕ್ಕೂ ಅದೇ ಸಾಕ್ಷಿ.

ರುಜು ಪಡೆಯಲು ಎರಡು ದಾರಿಗಳಿದ್ದವು. ಪಂದ್ಯ ಮುಗಿದ ಮೇಲೆ ಆಟದ ಅಂಗಳದ ಹಿಂಬಾಗಿಲಲ್ಲಿ ಚಳಿಯಲ್ಲಿ ಕಾಯುವುದು ಒಂದು. ತಂಡದ ವಿಳಾಸಕ್ಕೆ ಕಾರ್ಡನ್ನೂ, ತಮ್ಮದೇ ವಿಳಾಸ ಬರೆದು ಅಂಚೆಚೀಟಿ ಅಂಟಿಸಿದ ಮರುಲಕೋಟೆಯನ್ನೂ ಕಳಿಸಿ ಕಾಯುವುದು ಇನ್ನೊಂದು. ಗಡಿಯಾಚೆಯ ಅಮೆರಿಕದ ಮಕ್ಕಳು ಮಾಂಟ್ರಿಯಲ್ಲಿಗೋ ಟೊರಾಂಟೊಗೋ ಬರೆಯುವಾಗ ಮರುಲಕೋಟೆಗೆ ಕೆನಡಾದ ಅಂಚೆಚೀಟಿಯನ್ನೇ ಹೊಂದಿಸಿಕೊಳ್ಳಬೇಕಿತ್ತು. ಬಾಬಿ ಹಲ್ ತಂಡದ ಬಸ್ಸನ್ನೂ ಕಾಯಿಸಿ ಕೊನೆಯ ಅಭಿಮಾನಿಯವರೆಗೂ ರುಜು ಹಾಕುತ್ತಿದ್ದನೆಂದು ಹೆಸರಾದವನು. ಮಾಂಟ್ರಿಯಲ್‌ನ ನಾಯಕ ಜಾನ್ ಬೆಲಿವೊ ನಿವೃತ್ತಿಯಾಗಿ ದಶಕಗಳು ಕಳೆದರೂ ಅಭಿಮಾನಿಗಳ ಪತ್ರಗಳಿಗೆ ತಾನೇ ಉತ್ತರಿಸುತ್ತ, ಪ್ರತಿ ಅಕ್ಷರವೂ ಓದಲು ಬರುವಂತೆ ಹೆಸರು ಬರೆಯುತ್ತಿದ್ದನು. 507 ಗೋಲುಗಳ ಆ ಆಟಗಾರನ ರುಜು ಇಂದಿಗೂ ಅಗ್ಗವಾಗಿ ಸಿಗುವುದು ಅವನ ಈ ಧಾರಾಳತನದಿಂದಲೇ. ಸಂತೆಯಲ್ಲಿನ ಬೆಲೆಯಿಂದ ಆಟಗಾರನ ದೊಡ್ಡತನವನ್ನು ಅಳೆಯಹೊರಟವರು ಬೆಲಿವೊನ ಮುಂದೆ ಸೋಲುತ್ತಾರೆ.

ಅತಿಹೆಚ್ಚು ಗೋಲು ಬಿದ್ದ ಕಾಲವೆಂದು ಸಂಗ್ರಾಹಕರು ಅರಸುವುದು ಮುಖ್ಯವಾಗಿ 1970ರಿಂದ 1990ರ ದಶಕದ ಆರಂಭದವರೆಗಿನ ವರ್ಷಗಳನ್ನು. 1967ರಲ್ಲಿ ಲೀಗಿನ ತಂಡಗಳು ಆರರಿಂದ 12ಕ್ಕೆ ಏರಿದವು. ಆಮೇಲೂ ಒಂದೊಂದಾಗಿ ಹೆಚ್ಚುತ್ತ ಬಂದು, 1979ರಲ್ಲಿ ಪ್ರತಿಸ್ಪರ್ಧಿ ಲೀಗೊಂದು ಮುಚ್ಚಿ ಅದರ ನಾಲ್ಕು ತಂಡಗಳು ಬಂದು ಸೇರಿದಾಗ 21 ಆದವು. ತಂಡಗಳು ಹೆಚ್ಚಿದಷ್ಟು ವೇಗವಾಗಿ ಒಳ್ಳೆಯ ರಕ್ಷಕರು ಹೆಚ್ಚಲಿಲ್ಲ, ಗೋಲ್‌ಕೀಪರುಗಳ ಮೈರಕ್ಷೆ ಇಂದಿನಷ್ಟು ಅಗಲವಾಗಿರಲಿಲ್ಲ, ದಾಳಿಯನ್ನೇ ನೆಚ್ಚಿದ ತಂಡಗಳು ಬಂದವು. ಬಾಸ್ಟನ್‌ನ ಫಿಲ್ ಎಸ್ಪೊಸಿಟೊ 1970–71ರಲ್ಲಿ 76 ಗೋಲು ಹೊಡೆದನು. 1981–82ರಲ್ಲಿ ಎಡ್ಮಂಟನ್‌ನ ವೇಯ್ನ್ ಗ್ರೆಟ್ಸ್ಕಿ 39 ಪಂದ್ಯಗಳಲ್ಲೇ 50 ಮುಟ್ಟಿ, ಋತು ಮುಗಿಯುವ ವೇಳೆಗೆ 92ಕ್ಕೆ ಒಯ್ದನು. ಆ ವರ್ಷ ಎರಡೂ ತಂಡಗಳು ಸೇರಿ ಪಂದ್ಯವೊಂದಕ್ಕೆ ಸರಾಸರಿ ಎಂಟು ಗೋಲು ಬಿದ್ದವು. 2003–04ರ ವೇಳೆಗೆ ಅದು ಐದರ ಆಸುಪಾಸಿಗೆ ಇಳಿದಿತ್ತು. ಗೋಲು ಹೊಡೆದವನಿಗೂ, ಅವನಿಗೆ ಪಕ್ ಒದಗಿಸಿದವನಿಗೆ ‘ಅಸಿಸ್ಟ್’ ಎಂಬ ಹೆಸರಿನಲ್ಲೂ ತಲಾ ಒಂದು ಪಾಯಿಂಟ್ ಸಲ್ಲುತ್ತದೆ. ಗ್ರೆಟ್ಸ್ಕಿ 1985–86ರಲ್ಲಿ ಪಡೆದ 215 ಪಾಯಿಂಟುಗಳನ್ನಾಗಲಿ, ಪಿಟ್ಸ್‌ಬರ್ಗ್‌ನ ಮಾರಿಯೊ ಲೆಮ್ಯೂ 1988–89ರಲ್ಲಿ ಪಡೆದ 199ನ್ನಾಗಲಿ ಆಮೇಲೆ ಯಾರೂ ಮುಟ್ಟಿಲ್ಲ. ಮತ್ತೆ ಬಾರದ ಅಂಕಿಗಳಾದ್ದರಿಂದಲೇ ಅವುಗಳನ್ನು ಹೊತ್ತ ಕಾರ್ಡುಗಳ ಮೇಲೆ ಇಷ್ಟು ಪ್ರೀತಿ.

ಈ ಕಾಲದ ಕೆನಡಾದ ಕಾರ್ಡುಗಳೆಂದರೆ ಬಹುಪಾಲು ಒಂಟಾರಿಯೊದ ಲಂಡನ್ ಪಟ್ಟಣದ ಓ-ಪೀ-ಚೀ ಕಂಪನಿಯವು. ಟಾಪ್ಸ್ ಜೊತೆಗಿನ ಒಪ್ಪಂದದಡಿ ಹೊರಬರುತ್ತಿದ್ದ ಅವುಗಳ ಹಿಂಬದಿಯಲ್ಲಿ ಇಂಗ್ಲಿಷೂ ಫ್ರೆಂಚೂ ಅಕ್ಕಪಕ್ಕ ಇರುತ್ತಿದ್ದವು. ಹಾಳೆಗಳನ್ನು ತಂತಿಯಿಂದ ಕೊಯ್ಯುತ್ತಿದ್ದುದರಿಂದ ಅಂಚು ಒರಟು, ರಟ್ಟಿಗೆ ಹೊಳಪಿನ ಲೇಪವಿಲ್ಲ. 1979–80ರ 396 ಕಾರ್ಡುಗಳ ಸರಣಿಯಲ್ಲಿ 18ನೆಯದಾಗಿ, ನೀಲಿ ಅಂಚಿನೊಳಗೆ, ಎಡ್ಮಂಟನ್ ಅಂಗಿ ತೊಟ್ಟ ತರುಣ ಗ್ರೆಟ್ಸ್ಕಿ ಇದ್ದಾನೆ. ಆ ಚಿತ್ರ ತೆಗೆದಾಗ ಎನ್‌ಎಚ್‌ಎಲ್‌ನಲ್ಲಿ ಅವನ ಒಂದು ಗೋಲೂ ಆಗಿರಲಿಲ್ಲ. ಆ ಕಾರ್ಡಿನ ಕಲೆಯಿಲ್ಲದ ಪ್ರತಿಯೊಂದು 2021ರಲ್ಲಿ 37.5 ಲಕ್ಷ ಡಾಲರಿಗೆ ಮಾರಾಟವಾಯಿತು, ಮತ್ತು ಅದರ ಮೇಲೆ ರುಜು ಇರಲಿಲ್ಲ. ಈ ಹವ್ಯಾಸದೊಳಗಿನ ಎರಡು ಮನಸ್ಸುಗಳು ಇಲ್ಲಿ ಎದುರಾಗುತ್ತವೆ. ಕಾರ್ಖಾನೆಯಿಂದ ಬಂದಂತೆಯೇ ಯಾರ ಬೆರಳೂ ಸೋಕದೆ ಇರಬೇಕೆನ್ನುವವರಿಗೆ ರುಜುವೂ ಒಂದು ಗೀಚು; ಹಿಂದಿನ ಬೆಲೆಪಟ್ಟಿಗಳು ಬರೆಹವಿರುವ ಕಾರ್ಡನ್ನು ಹಾಳಾದದ್ದೆಂದೇ ಎಣಿಸುತ್ತಿದ್ದವು. ಮೂಲೆ ಮುರಿದಿದ್ದರೂ ಸರಿ, ಆಟಗಾರನ ಕೈ ಅದರ ಮೇಲೆ ಹಾದಿರಬೇಕು ಎನ್ನುವವರು ಇನ್ನೊಂದು ಬಗೆಯವರು. ಮಕ್ಕಳಿಗಾಗಿ ಹುಟ್ಟಿದ ವಸ್ತುವಿನ ಸ್ವಭಾವಕ್ಕೆ ಹತ್ತಿರವಾದದ್ದು ಈ ಎರಡನೆಯ ಪ್ರೀತಿಯೇ.

ಕೈ ಹಾದ ಗುರುತನ್ನು ಓದಲು ಶಾಯಿಯನ್ನು ಬಲ್ಲವರಾಗಿರಬೇಕು. ಬಾಲ್‌ಪೆನ್ನು ರಟ್ಟಿನ ಮೇಲೆ ಗೆರೆಯ ಜೊತೆಗೆ ಸಣ್ಣ ತಗ್ಗನ್ನೂ ಬಿಡುತ್ತದೆ. 1964ರಲ್ಲಿ ಮಾರುಕಟ್ಟೆಗೆ ಬಂದ ಶಾರ್ಪಿ ಮಾರ್ಕರಿನ ಶಾಯಿ ಓ-ಪೀ-ಚೀಯ ಲೇಪವಿಲ್ಲದ ರಟ್ಟಿನೊಳಕ್ಕೆ ಇಳಿದು ನೆಲೆಸುತ್ತದೆ. 1990ರ ನಂತರದ ಹೊಳಪಿನ ಕಾರ್ಡುಗಳ ಮೇಲೆ ಅದೇ ಶಾಯಿ ಹನಿಹನಿಯಾಗಿ ಒಡೆಯುವುದರಿಂದ ಅನುಭವಿಗಳು ರುಜುವಿಗೆ ಮುನ್ನ ಮೇಲ್ಮೈಗೆ ಮಕ್ಕಳ ಪೌಡರು ಸವರಿ ಒರೆಸುತ್ತಾರೆ. ಇಷ್ಟಾದರೂ ಕಣ್ಣು ಮೋಸಹೋಗುತ್ತದೆ. 1990ರ ದಶಕದ ಕೊನೆಯಲ್ಲಿ ಅಮೆರಿಕದ ಎಫ್‌ಬಿಐ ‘ಆಪರೇಷನ್ ಬುಲ್‌ಪೆನ್’ ಎಂಬ ತನಿಖೆಯಲ್ಲಿ ಕ್ರೀಡಾಪಟುಗಳ ನಕಲಿ ರುಜು ತಯಾರಿಸುವ ದೊಡ್ಡ ಜಾಲವನ್ನು ಬಯಲಿಗೆಳೆದ ಮೇಲೆ, ರುಜುವನ್ನು ಪರೀಕ್ಷಿಸಿ ಕಾರ್ಡನ್ನು ಪ್ಲಾಸ್ಟಿಕ್ ಕವಚದೊಳಗೆ ಮುಚ್ಚಿ ಪ್ರಮಾಣಪತ್ರ ಕೊಡುವ ಸಂಸ್ಥೆಗಳಿಗೆ ಬೇಡಿಕೆ ಹೆಚ್ಚಿತು.

1990–91ರಲ್ಲಿ ಅಪ್ಪರ್ ಡೆಕ್, ಸ್ಕೋರ್, ಪ್ರೊ ಸೆಟ್ ಕಂಪನಿಗಳು ಒಟ್ಟಿಗೆ ಕಣಕ್ಕಿಳಿದು ಅಳತೆಮೀರಿ ಅಚ್ಚು ಹಾಕಿದವು, ಕಾರ್ಡುಗಳ ಬೆಲೆ ಕುಸಿಯಿತು. ಕೊಳ್ಳುವವರನ್ನು ಮತ್ತೆ ಸೆಳೆಯಲು ಕಂಪನಿಗಳು ಹಿಡಿದದ್ದು ರುಜುವನ್ನೇ: 1994–95ರ ‘ಬಿ ಎ ಪ್ಲೇಯರ್’ ಸರಣಿಯ ಪ್ರತಿ ಪೊಟ್ಟಣದಲ್ಲೂ ರುಜುವಿದ್ದ ಕಾರ್ಡೊಂದು ಇರುತ್ತಿತ್ತು. ರುಜು ಅಸಲಿ ಎಂಬ ಭರವಸೆ ಇದರಿಂದ ಸಿಕ್ಕಿತು. ಆದರೆ ಹಿಂಬಾಗಿಲ ಚಳಿಯಾಗಲಿ ಮರುಲಕೋಟೆಯಾಗಲಿ ಬೇಡವಾದವು. ಮುಂದೆ ಆಟಗಾರ ಸಣ್ಣ ಪಾರದರ್ಶಕ ಚೀಟಿಗಳ ಹಾಳೆಗೆ ರುಜು ಹಾಕಿಕೊಟ್ಟು, ಕಂಪನಿ ಅವನ್ನು ಕಾರ್ಡಿಗೆ ಅಂಟಿಸುವ ಪದ್ಧತಿಯೂ ಬಂದಾಗ, ಅವನು ತನ್ನ ಕಾರ್ಡನ್ನು ಕಣ್ಣಿನಿಂದ ನೋಡುವ ಅಗತ್ಯವೂ ಉಳಿಯಲಿಲ್ಲ.

ರಿಶಾರ್ 2000ದಲ್ಲಿ, ಬೆಲಿವೊ 2014ರಲ್ಲಿ, ಹೌ 2016ರಲ್ಲಿ, ಹಲ್ 2023ರಲ್ಲಿ ತೀರಿಕೊಂಡರು. ಸತತ ಒಂಬತ್ತು ಋತುಗಳಲ್ಲಿ ಐವತ್ತೋ ಅದಕ್ಕೂ ಹೆಚ್ಚೋ ಗೋಲು ಹೊಡೆದ ಮೈಕ್ ಬಾಸಿ, ಸತತ ಆರರಲ್ಲಿ ಹೊಡೆದ ಗೀ ಲಾಫ್ಲರ್ ಇಬ್ಬರೂ 2022ರ ಏಪ್ರಿಲ್ ತಿಂಗಳಲ್ಲೇ ಹೋದರು. ಅವರಿಗಿಂತ ಹಿಂದಿನವರ ರುಜುಗಳಂತೂ ಬೆರಳೆಣಿಕೆಯವು. ಎರಡು ಬಾರಿ ಲೀಗಿನ ಅಗ್ರ ಪಾಯಿಂಟ್ ಗಳಿಕೆಗಾರನಾಗಿದ್ದ ಹೌಯಿ ಮೊರೆಂಜ್ ಪಂದ್ಯದಲ್ಲಿ ಕಾಲು ಮುರಿದುಕೊಂಡು 1937ರಲ್ಲಿ, 34ನೆಯ ವಯಸ್ಸಿಗೇ ತೀರಿಕೊಂಡವನು. ಇಂಥವರಿಗಾಗಿ ಕಂಪನಿಗಳು ‘ಕಟ್ ಸಿಗ್ನೇಚರ್’ ಎಂಬ ಬಗೆಯನ್ನು ತಂದಿವೆ: ಹಳೆಯ ಪತ್ರ, ಚೆಕ್ಕು ಅಥವಾ ಹಸ್ತಾಕ್ಷರ ಪುಸ್ತಕದ ಹಾಳೆಯಿಂದ ರುಜುವಿರುವಷ್ಟು ಭಾಗವನ್ನು ಕತ್ತರಿಸಿ, ಹೊಸ ಕಾರ್ಡಿನ ನಡುವೆ ಕೊರೆದ ಕಿಂಡಿಯಲ್ಲಿ ಕೂರಿಸಲಾಗುತ್ತದೆ. ಬಾಲಕನೊಬ್ಬ ಇಡೀ ತಂಡದಿಂದ ಒಂದೇ ಪುಟದಲ್ಲಿ ಬರೆಸಿಕೊಂಡಿದ್ದ ಹೆಸರುಗಳು ಹೀಗೆ ಬೇರೆಬೇರೆಯಾಗಿ, ಬೇರೆಬೇರೆ ಊರುಗಳ ಕಪಾಟುಗಳಿಗೆ ಹೋಗುತ್ತವೆ. ಪುಟದ ಮೂಲೆಯಲ್ಲಿ ಆ ಬಾಲಕ ತನ್ನ ಹೆಸರನ್ನೂ ದಿನಾಂಕವನ್ನೂ ಬರೆದಿದ್ದರೆ, ಕತ್ತರಿಯ ಆಚೆ ಉಳಿಯುವ ಚೂರು ಅದೇ.