ಹಡಪಸರದ ದುಡಿಮೆ, ಊರಿನ ನೆಂಟರು: ಝಕಾತ್ ಹಂಚಿಕೆಯಲ್ಲಿ ಎರಡು ಮಝ್‌ಹಬ್‌ಗಳು

ಪುಣೆಯ ಹಡಪಸರವನ್ನು ಹಾಯುವ ಸೊಲ್ಲಾಪುರ ರಸ್ತೆ ರಾಷ್ಟ್ರೀಯ ಹೆದ್ದಾರಿ 65ರ ಭಾಗ. ಅದು ಬೀದರ್ ಜಿಲ್ಲೆಯ ಹುಮನಾಬಾದನ್ನು ಮುಟ್ಟಿ ಹೈದರಾಬಾದಿನತ್ತ ಸಾಗುತ್ತದೆ. ಇದೇ ದಾರಿಯಲ್ಲಿ ದುಡಿಮೆ ಅರಸಿ ಬಂದ ಮುಸ್ಲಿಮನೊಬ್ಬನ ಗಳಿಕೆ ಹಡಪಸರದಲ್ಲಿ, ಕಷ್ಟದಲ್ಲಿರುವ ನೆಂಟರು ಊರಿನಲ್ಲಿ ಎಂದಿಟ್ಟುಕೊಳ್ಳೋಣ. ಅವನ ಝಕಾತ್, ಅಂದರೆ ಸಂಪತ್ತಿನ ಮೇಲಿನ ಶೇ 2.5ರ ಕಡ್ಡಾಯ ದಾನ, ಯಾರಿಗೆ ಸಲ್ಲಬೇಕು?

ಕುರ್‌ಆನಿನ ಅತ್ತೌಬಾ ಅಧ್ಯಾಯದ 60ನೇ ಸೂಕ್ತ ಎಂಟು ವರ್ಗದ ಅರ್ಹರನ್ನು ಹೇಳುತ್ತದೆ. ನೆಂಟರದು ಅದರಲ್ಲಿ ಬೇರೆ ವರ್ಗವಲ್ಲ. ಅಂದರೆ ಬಡತನ, ಸಾಲದಂಥ ಕಾರಣದಿಂದ ಅರ್ಹತೆ ಮೊದಲು ಸಿದ್ಧವಾಗಬೇಕು, ನೆಂಟಸ್ತಿಕೆ ಆಮೇಲೆ ಆದ್ಯತೆಯನ್ನಷ್ಟೇ ತರುತ್ತದೆ. ಬಡವನಿಗೆ ಕೊಟ್ಟದ್ದು ದಾನ ಮಾತ್ರ, ನೆಂಟನಿಗೆ ಕೊಟ್ಟದ್ದು ದಾನವೂ ಹೌದು, ಸಂಬಂಧ ಕಾಯುವ ಕೆಲಸವೂ ಹೌದು ಎಂಬ ಆಶಯದ ಹದೀಸ್ ತಿರ್ಮಿದಿ ಸಂಗ್ರಹದಲ್ಲಿದೆ.

ಆದರೂ ತಂದೆತಾಯಿ, ಅಜ್ಜ ಅಜ್ಜಿ, ಮಕ್ಕಳು, ಮೊಮ್ಮಕ್ಕಳು ಹೊರಗುಳಿಯುತ್ತಾರೆ. ಇದಕ್ಕೆ ಎರಡು ಮಝ್‌ಹಬ್‌ಗಳು, ಅಂದರೆ ಧರ್ಮಶಾಸ್ತ್ರದ ಪಂಥಗಳು, ಬೇರೆ ಬೇರೆ ಕಾರಣ ಕೊಡುತ್ತವೆ. ಹನಫಿಗಳು ಕೊಡುವ ಕಾರಣ, ಇವರ ನಡುವೆ ಆಸ್ತಿಯ ಪ್ರಯೋಜನ ಹಂಚಿಹೋಗಿರುವುದರಿಂದ ಕೊಟ್ಟದ್ದು ಕೈಬಿಟ್ಟು ಹೋದಂತಾಗುವುದಿಲ್ಲ ಎಂಬುದು. ಶಾಫಿಈಗಳು ಜೀವನಾಂಶದ ಹೊಣೆಯನ್ನು ಮುಂದಿಡುತ್ತಾರೆ: ಸಾಕಬೇಕಾದವನೇ ಝಕಾತ್ ಕೊಟ್ಟರೆ ತನ್ನ ಖರ್ಚನ್ನೇ ಉಳಿಸಿಕೊಂಡಂತೆ. ಎರಡನೆಯ ವಾದವೇ ನನಗೆ ಹೆಚ್ಚು ಗಟ್ಟಿಯಾಗಿ ಕಾಣುತ್ತದೆ. ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಯ 2007ರ ಕಾಯ್ದೆಯೂ, ಧರ್ಮಭೇದವಿಲ್ಲದೆ, ಆ ಹೊಣೆಯನ್ನು ಮಕ್ಕಳ ಮೇಲೆಯೇ ಹೊರಿಸಿದೆ. ಅವ್ವನ ಔಷಧಿಯ ಖರ್ಚನ್ನು ಶೇ 2.5ರ ಲೆಕ್ಕದಲ್ಲಿ ತೋರಿಸುವಂತಿಲ್ಲ.

ಅಣ್ಣತಮ್ಮ, ಅಕ್ಕತಂಗಿ, ಚಿಕ್ಕಪ್ಪ, ಸೋದರತ್ತೆ ಬಡವರಾಗಿದ್ದರೆ ಎರಡೂ ಕಡೆ ಸಾಮಾನ್ಯವಾಗಿ ತಡೆಯಿಲ್ಲ. ಹನಫಿಗಳಲ್ಲಿ ಸೊಸೆ, ಅಳಿಯನಿಗೂ ಕೊಡಬಹುದು. ಗಂಡನಿಗೆ ಹೆಂಡತಿ ಕೊಡುವುದನ್ನು ಅಬೂ ಹನೀಫಾ ಒಪ್ಪಲಿಲ್ಲ, ಅವರ ಶಿಷ್ಯರಾದ ಅಬೂ ಯೂಸುಫ್ ಮತ್ತು ಮುಹಮ್ಮದ್ ಒಪ್ಪಿದರು. ಇದು ಝಕಾತ್ ಎಂದು ಪಡೆಯುವವರಿಗೆ ಹೇಳಲೇಬೇಕೆಂದಿಲ್ಲ, ಕೊಡುವವನ ಸಂಕಲ್ಪ ಸಾಕು. ಹಬ್ಬದ ಈದಿಯ ಹೆಸರಿನಲ್ಲಿ ತಂಗಿಯ ಕೈಸೇರಿದರೆ ಅವಳ ಮಾನವೂ ಉಳಿಯಿತು. ಆದರೆ ಅವಳ ಒಡವೆಯನ್ನು ಮರೆಯಬಾರದು. ಅಗತ್ಯಗಳನ್ನೂ ಸಾಲವನ್ನೂ ಕಳೆದು 612.36 ಗ್ರಾಂ ಬೆಳ್ಳಿಯ ಬೆಲೆಯಷ್ಟು ಅವಳಲ್ಲಿ ಉಳಿದರೆ, ಹನಫಿ ಲೆಕ್ಕದಲ್ಲಿ ಅವಳು ಪಡೆಯುವ ಸಾಲಿನಲ್ಲಿಲ್ಲ.

ಎರಡು ಮಝ್‌ಹಬ್‌ಗಳು ನಿಜವಾಗಿ ಬೇರೆಯಾಗುವುದು ಊರಿನ ವಿಷಯದಲ್ಲಿ. ಝಕಾತನ್ನು ಬೇರೆ ಊರಿಗೆ ಸಾಗಿಸುವುದು ಹನಫಿಗಳಲ್ಲಿ ಅಪ್ರಿಯ. ನೆಂಟರಿಗೆ, ಇಲ್ಲವೇ ಹೆಚ್ಚು ಕಷ್ಟದಲ್ಲಿರುವವರಿಗೆ ಕಳಿಸುವುದಾದರೆ ವಿನಾಯಿತಿ. ಕರ್ನಾಟಕದ ಒಳನಾಡಿನ ಮುಸ್ಲಿಮರು ಬಹುತೇಕ ಹನಫಿಗಳಾದ್ದರಿಂದ, ಹುಮನಾಬಾದಿಗೆ ಹಣ ಕಳಿಸುವವನಿಗೆ ದಾರಿ ಸಲೀಸು. ಭಟ್ಕಳದ ನವಾಯತರು, ಕರಾವಳಿಯ ಬ್ಯಾರಿಗಳು ಶಾಫಿಈಗಳು. ಶಾಫಿಈಗಳ ಪ್ರಬಲ ಅಭಿಪ್ರಾಯದಂತೆ, ಸ್ಥಳದಲ್ಲೇ ಅರ್ಹರಿರುವಾಗ ಸಂಪತ್ತು ಇರುವ ಊರಿನಿಂದ ಝಕಾತ್ ಹೊರಹೋಗಬಾರದು. ಅನುಮತಿಸುವ ಅಭಿಪ್ರಾಯವೂ ಆ ಮಝ್‌ಹಬ್‌ನಲ್ಲಿದೆ. ಪ್ರಬಲ ಅಭಿಪ್ರಾಯವನ್ನೇ ಹಿಡಿದರೆ ಭಟ್ಕಳದ ಮನೆಯಲ್ಲಿರುವ ವ್ಯಾಪಾರದ ಸರಕಿನ ಝಕಾತ್ ಭಟ್ಕಳದ ನೆಂಟರಿಗೆ ಸಲ್ಲಬಹುದು, ಹಡಪಸರದ ಅಂಗಡಿಯ ಸರಕಿನದು ಹಡಪಸರದ ಬಡವರಿಗೆ. ಮೊಬೈಲಿನಲ್ಲಿ ಎಲ್ಲಿಂದಲೂ ತೆಗೆಯಬಹುದಾದ ಬ್ಯಾಂಕ್ ಖಾತೆಯ ಹಣ ಯಾವ ಊರಿನದು ಎಂಬುದನ್ನು ಇಂದಿನ ಶಾಫಿಈ ವಿದ್ವಾಂಸರು ಬಿಡಿಸಬೇಕು.