ನವೆಂಬರ್ 1: ನೆಲ ಮತ್ತು ಹೆಸರು

ಕರ್ನಾಟಕದ ಆಧುನಿಕ ಚರಿತ್ರೆಯಲ್ಲಿ ನವೆಂಬರ್ 1ಕ್ಕೆ ಎರಡು ಪ್ರತ್ಯೇಕ ಘಟನೆಗಳ ಮಹತ್ವವಿದೆ. 1956ರ ಆ ದಿನ ಕನ್ನಡ ಪ್ರದೇಶಗಳು ಒಂದೇ ಆಡಳಿತಕ್ಕೆ ಒಳಪಟ್ಟವು. 1973ರ ಅದೇ ದಿನ ಆ ರಾಜ್ಯಕ್ಕೆ ‘ಕರ್ನಾಟಕ’ ಎಂಬ ಹೆಸರು ಬಂದಿತು. ರಾಜ್ಯೋತ್ಸವದ ಸಂದರ್ಭದಲ್ಲಿ ಇವೆರಡೂ ಒಂದೇ ಘಟನೆಯೆಂಬಂತೆ ಬೆರೆತುಹೋಗುವುದುಂಟು. ಆದರೆ ಏಕೀಕರಣದ ಸ್ವರೂಪವನ್ನು ಅರಿಯಲು ಇವುಗಳ ನಡುವಣ 17 ವರ್ಷಗಳ ಅಂತರವನ್ನು ಗಮನಿಸುವುದು ಅಗತ್ಯ.

ರಾಜ್ಯ ಪುನರ್ವಿಂಗಡಣಾ ಅಧಿನಿಯಮದನ್ವಯ ಮೈಸೂರು ರಾಜ್ಯಕ್ಕೆ ಮುಂಬಯಿ ಪ್ರಾಂತ್ಯದ ಬೆಳಗಾವಿ, ಬಿಜಾಪುರ, ಧಾರವಾಡ ಮತ್ತು ಉತ್ತರ ಕನ್ನಡ. ಹೈದರಾಬಾದ್ ರಾಜ್ಯದ ಗುಲಬರ್ಗಾ, ರಾಯಚೂರು ಮತ್ತು ಬೀದರ್. ಮದರಾಸಿನ ದಕ್ಷಿಣ ಕನ್ನಡ ಮತ್ತು ಕೊಳ್ಳೇಗಾಲ ತಾಲ್ಲೂಕು ಹಾಗೂ ಕೊಡಗು ಸೇರಿದವು. ಬಳ್ಳಾರಿಯ ಬಹುಭಾಗವು 1953ರಲ್ಲಿಯೇ ಬಂದಿತ್ತು. ಹೀಗೆ 19 ಜಿಲ್ಲೆಗಳ ರಾಜ್ಯವು ರೂಪುಗೊಂಡು, ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಗಳಾದರು.

ಈ ಸೇರ್ಪಡೆಯು ಸಂಪೂರ್ಣವಾಗಿರಲಿಲ್ಲ. ಬೆಳಗಾವಿಯ ಚಂದಗಡ ತಾಲ್ಲೂಕು ಮುಂಬಯಿಯಲ್ಲಿಯೇ ಉಳಿಯಿತು. ರಾಯಚೂರಿನ ಆಲಂಪುರ, ಗದ್ವಾಲ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಕಾಸರಗೋಡು ಅದೇ ದಿನ ಉದಯಿಸಿದ ಕೇರಳಕ್ಕೆ ಸೇರಿತು. ಚಂದ್ರಗಿರಿ ನದಿಯ ಉತ್ತರಭಾಗವನ್ನು ಮೈಸೂರಿಗೆ ಸೇರಿಸಬೇಕೆಂಬ ಮಹಾಜನ ಆಯೋಗದ 1967ರ ಶಿಫಾರಸು ಜಾರಿಗೆ ಬರಲಿಲ್ಲ. ಆದುದರಿಂದ ಗಡಿನಾಡಿನ ಕನ್ನಡಿಗರ ಪಾಲಿಗೆ ಈ ದಿನವು ಅಗಲಿಕೆಯ ದಿನವೂ ಹೌದು.

ಹೆಸರಿನ ಪ್ರಶ್ನೆಯು ಇದಕ್ಕಿಂತ ಭಿನ್ನವಾದುದು. ಫಜಲ್ ಅಲಿ ಆಯೋಗವು 1955ರ ತನ್ನ ವರದಿಯಲ್ಲಿ ಉದ್ದೇಶಿತ ರಾಜ್ಯವನ್ನು ‘ಕರ್ನಾಟಕ’ವೆಂದೇ ಕರೆದಿತ್ತು. ಆದರೂ ಅಧಿನಿಯಮದಲ್ಲಿ ‘ಮೈಸೂರು’ ಎಂಬ ಹೆಸರೇ ಉಳಿಯಿತು. ಅರಸೊತ್ತಿಗೆಯ ಪರಂಪರೆಯುಳ್ಳ ಆ ಹೆಸರಿನ ಬಗೆಗೆ ಹಳೆಯ ಮೈಸೂರಿನವರಲ್ಲಿ ಅಭಿಮಾನವಿದ್ದುದು ಸಹಜ. ಉತ್ತರದ ಜಿಲ್ಲೆಗಳವರಿಗಾದರೋ ಅದು ತಾವು ಬಂದು ಸೇರಿದ ಮತ್ತೊಂದು ಸೀಮೆಯ ಹೆಸರಾಗಿತ್ತು. ಆಡಳಿತ ಒಂದಾದರೂ ಸಮಾನತೆಯ ಭಾವವು ಪೂರ್ಣವಾಗಿ ಮೂಡಿರಲಿಲ್ಲವೆಂಬುದನ್ನು ಈ ಭಿನ್ನಾಭಿಪ್ರಾಯವು ಸೂಚಿಸುತ್ತದೆ.

1972ರಲ್ಲಿ ರಾಜ್ಯದ ಶಾಸನಸಭೆಯು ಹೆಸರು ಬದಲಾವಣೆಯ ನಿರ್ಣಯವನ್ನು ಅಂಗೀಕರಿಸಿತು. ಸಂವಿಧಾನದ 3ನೆಯ ಅನುಚ್ಛೇದದನ್ವಯ ಈ ಅಧಿಕಾರವು ಸಂಸತ್ತಿನದಾದುದರಿಂದ 1973ರಲ್ಲಿ ಪ್ರತ್ಯೇಕ ಅಧಿನಿಯಮವು ರಚಿತವಾಯಿತು. ಆಗ ಮುಖ್ಯಮಂತ್ರಿಗಳಾಗಿದ್ದ ಡಿ. ದೇವರಾಜ ಅರಸು ಅವರು ಮೈಸೂರು ಜಿಲ್ಲೆಯ ಹುಣಸೂರಿನವರೆಂಬುದು ಗಮನಾರ್ಹ. ಮೈಸೂರಿನ ನಾಯಕರ ಆಡಳಿತದಲ್ಲಿಯೇ ಆ ಹೆಸರು ರಾಜ್ಯದ ಸಮಗ್ರತೆಗಾಗಿ ತೆರವಾಯಿತು.

1956ರ ನವೆಂಬರ್ 1 ಆಡಳಿತದ ಏಕೀಕರಣವನ್ನು ಸಾಧಿಸಿತು. 1973ರ ನವೆಂಬರ್ 1 ಅದಕ್ಕೆ ಎಲ್ಲ ಪ್ರದೇಶಗಳೂ ತಮ್ಮದೆನ್ನಬಹುದಾದ ಹೆಸರನ್ನು ನೀಡಿತು. ಈ ಎರಡನ್ನೂ ಬೇರೆಬೇರೆಯಾಗಿ ಪರಿಶೀಲಿಸಿದಾಗಲೇ ಏಕೀಕರಣವು ಒಂದು ದಿನದ ಘಟನೆಯಲ್ಲ, ದೀರ್ಘಕಾಲದ ಪ್ರಕ್ರಿಯೆ ಎಂಬುದು ಮನವರಿಕೆಯಾಗುತ್ತದೆ.