ಯಂತ್ರಧ್ವನಿಯ ಪುನರುದ್ಧಾರವೂ ಪಾಠನಿರ್ಣಯವೂ

ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯವು ಎಂಟನೆಯ ಶತಮಾನದಲ್ಲಿ ಚಾಲುಕ್ಯ ಎರಡನೆಯ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿಯು ಕಟ್ಟಿಸಿದ ಲೋಕೇಶ್ವರವೆಂಬುದು ವಿದ್ವಾಂಸರಿಗೆ ವಿದಿತವಾದುದೇ. ವಿಜಯಾದಿತ್ಯನು ಗಂಧರ್ವರಿಗೆ, ಎಂದರೆ ಗಾಯಕರಿಗೆ, ವಿಧಿಸಿಕೊಟ್ಟಿದ್ದ ಕಟ್ಟಳೆಗಳನ್ನು ಆಕೆಯು ಸ್ಥಿರಪಡಿಸಿದಳೆಂದು ಅಲ್ಲಿಯ ಶಾಸನವು ತಿಳಿಸುತ್ತದೆ. ಗಾಯಕರ ಹಕ್ಕು ಕಲ್ಲಿನಲ್ಲಿ ಉಳಿಯಿತು. ಅವರ ಗಾನವು ಉಳಿಯಲಿಲ್ಲ. ಅಳಿದ ಧ್ವನಿಯನ್ನು ಯಾವ ಆಧಾರದಿಂದ ಮರಳಿ ಪಡೆಯಬಹುದೆಂಬ ಪ್ರಶ್ನೆಗೆ ಆ ಶಾಸನದಲ್ಲಿ ಉತ್ತರವಿಲ್ಲ. ಅದೇ ಪ್ರಶ್ನೆಯು ಇಪ್ಪತ್ತನೆಯ ಶತಮಾನದ ಬೇರೊಂದು ವಸ್ತುವಿನಲ್ಲಿ, ನಾಣ್ಯ ಹಾಕಿ ಆಡುವ ವಿಡಿಯೋ ಆಟದ ಯಂತ್ರದಲ್ಲಿ, ಮತ್ತೆ ತಲೆದೋರಿದೆ. ಇಲ್ಲಿ ಉತ್ತರಕ್ಕೆ ಆಸ್ಪದವುಂಟು.

1972ರಲ್ಲಿ ಅಮೆರಿಕದ ಅಟಾರಿ ಸಂಸ್ಥೆಯು ಹೊರತಂದ 'ಪಾಂಗ್' ಯಂತ್ರದಲ್ಲಿ ಗಣಕವೇ ಇರಲಿಲ್ಲ. ಅದನ್ನು ರಚಿಸಿದ ಅಲನ್ ಆಲ್ಕಾರ್ನನು ಚಿತ್ರವನ್ನು ಹೊಂದಿಸುವ ವಿದ್ಯುನ್ಮಂಡಲದಲ್ಲಿ ಆಗಲೇ ಇದ್ದ ಕಂಪನಗಳಿಂದ ಚೆಂಡಿನ ಸದ್ದನ್ನು ಎತ್ತಿಕೊಂಡನು. 1978ರಲ್ಲಿ ಜಪಾನಿನ ಟೈಟೋ ಸಂಸ್ಥೆಗಾಗಿ ನಿಶಿಕಾಡೊ ತೊಮೊಹಿರೊ ರಚಿಸಿದ 'ಸ್ಪೇಸ್ ಇನ್ವೇಡರ್ಸ್' ಯಂತ್ರದಲ್ಲಿ ಇಂಟೆಲ್ 8080 ಗಣಕವಿದ್ದರೂ ಸದ್ದು ಅದರ ಕ್ರಮವಿಧಿಯಲ್ಲಿ ಇಲ್ಲ. 'ಈಗ ಗುಂಡು', 'ಈಗ ಶತ್ರುನಾಶ' ಎಂಬ ಸಂಜ್ಞೆಯನ್ನಷ್ಟೆ ಕ್ರಮವಿಧಿಯು ಕಳುಹಿಸುವುದು. ರೋಧಕ, ಧಾರಕ, ವರ್ಧಕಗಳ ಪ್ರತ್ಯೇಕ ಮಂಡಲಗಳು ಸದ್ದನ್ನು ಹುಟ್ಟಿಸುವುವು. ಹಾರುವ ತಟ್ಟೆಯ ಸದ್ದಿಗೆ ಎಸ್‌ಎನ್ 76477 ಎಂಬ ಚಿಪ್ಪನ್ನು ಬಳಸಿದ್ದರು. ಆದುದರಿಂದ ಕ್ರಮವಿಧಿಯನ್ನು ಅಕ್ಷರಶಃ ನಕಲುಮಾಡಿದರೂ ಯಂತ್ರವು ಮೂಕವಾಗಿಯೇ ಇರುವುದು. ನಾಟಕದ ಹಸ್ತಪ್ರತಿಯಲ್ಲಿ 'ಇಲ್ಲಿ ಹಾಡು' ಎಂದು ಮಾತ್ರ ಬರೆದು ಹಾಡನ್ನು ಬಿಟ್ಟಂತೆ ಇದು.

1997ರಲ್ಲಿ ಇಟಲಿಯ ನಿಕೋಲಾ ಸಾಲ್ಮೋರಿಯನು ಹಳೆಯ ಆಟಗಳನ್ನು ಹೊಸ ಗಣಕಗಳಲ್ಲಿ ಅನುಕರಿಸುವ 'ಮೇಮ್' ಯೋಜನೆಯನ್ನು ಆರಂಭಿಸಿದನು. ಇಂತಹ ಸದ್ದುಗಳಿಗೆ ಮೊದಲು ಅನುಸರಿಸಿದ ಮಾರ್ಗವು ಧ್ವನಿಮುದ್ರಣ. ಆದರೆ ಮುದ್ರಣವು ಒಂದು ಯಂತ್ರದ ಒಂದು ಕ್ಷಣದ ಸಾಕ್ಷ್ಯ. ಧಾರಕವು ಪೂರ್ತಿ ಬರಿದಾಗುವ ಮೊದಲೇ ಎರಡನೆಯ ಸಂಜ್ಞೆ ಬಂದರೆ ಸದ್ದಿನ ರೂಪ ಬದಲಾಗಬಹುದು. ಈ ವ್ಯತ್ಯಾಸವು ಮುದ್ರಣಕ್ಕೆ ದಕ್ಕದು. ಎರಡನೆಯ ಮಾರ್ಗವು ಮಂಡಲದ ನಕ್ಷೆಯಿಂದಲೇ ಸದ್ದನ್ನು ಗಣಿಸುವುದು. 100 ಕಿಲೋ ಓಮ್ ರೋಧಕದ ಮೂಲಕ 1 ಮೈಕ್ರೋಫ್ಯಾರಡ್ ಧಾರಕವು ಬರಿದಾಗುವಾಗ, ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ಅದರ ವೋಲ್ಟೇಜು ಮೊದಲಿನ ಶೇಕಡಾ 37ರಷ್ಟಕ್ಕೆ ಇಳಿಯುವುದು. ಸದ್ದು ಕ್ಷೀಣಿಸುವ ಬಗೆ ಇಂತಹ ಲೆಕ್ಕಗಳಿಂದ ನಿರ್ಣೀತವಾಗುತ್ತದೆ.

ಇಲ್ಲಿಯೇ ಪಾಠನಿರ್ಣಯದ ತೊಡಕು. ನಕ್ಷೆಯ ಅಂಕಿಗಿಂತ ರೋಧಕವು ಶೇಕಡಾ 5 ಅಥವಾ 10 ಹೆಚ್ಚುಕಡಮೆಯಾಗಿರಬಹುದು. ಎಲೆಕ್ಟ್ರೊಲಿಟಿಕ್ ಧಾರಕಗಳು ಕಾಲಕ್ರಮದಲ್ಲಿ ಒಣಗಿ ಸತ್ತ್ವಗುಂದುತ್ತವೆ. ಹೀಗಾಗಿ ಒಂದೇ ಮಾದರಿಯ ಎರಡು ಯಂತ್ರಗಳು ಬೇರೆಬೇರೆಯಾಗಿ ನುಡಿಯಬಹುದು. ನಕ್ಷೆಯು ಕರ್ತೃವಿನ ಉದ್ದೇಶವನ್ನು ಹೇಳುವುದು. ಯಂತ್ರವು ಕಾಲದ ಕೈಯಿಂದ ತಿದ್ದಲ್ಪಟ್ಟ ಪ್ರತಿ. ಆದರೆ ನಕ್ಷೆಯೇ ಪ್ರಮಾಣವೆನ್ನುವಂತಿಲ್ಲ. ಕಾರ್ಖಾನೆಯಲ್ಲಿ ಮಾಡಿದ ತಿದ್ದುಪಡಿಯು ನಕ್ಷೆಗೆ ಏರದೆ ಫಲಕದಲ್ಲಿ ಮಾತ್ರ ಉಳಿದಿರಬಹುದು. ಓಲೆಪ್ರತಿಗಳ ಸಂಪಾದಕನಂತೆ ನಕ್ಷೆಯನ್ನು ಆಧಾರವಾಗಿಟ್ಟು, ಹಲವು ಫಲಕಗಳನ್ನು ಅಳೆದು, ಹಳೆಯ ಮುದ್ರಣಗಳೊಡನೆ ತಾಳೆನೋಡಿ, ಯಾವ ಪಾಠವನ್ನು ಏಕೆ ಸ್ವೀಕರಿಸಿತೆಂಬುದನ್ನು ಬರೆದಿಡುವುದೇ ಯುಕ್ತವಾದ ಕ್ರಮ.

ಲೋಕೇಶ್ವರದ ಗಾಯಕರ ವಿಷಯದಲ್ಲಿ ಕಲ್ಲು ಉಳಿದು ಧ್ವನಿ ಹೋಯಿತು. ಈ ಯಂತ್ರಗಳ ವಿಷಯದಲ್ಲಿ ಧ್ವನಿಯ ವಿಧಿಯೇ ಕಾಗದದಲ್ಲಿದೆ. ಅದನ್ನು ಒರೆಗೆ ಹಚ್ಚತಕ್ಕ ಫಲಕಗಳು ಮಾತ್ರ ಕ್ಷಯಿಸುತ್ತಿವೆ. ಅವು ಇನ್ನೂ ನುಡಿಯುತ್ತಿರುವಾಗಲೇ ಈ ಕಾರ್ಯವು ನಡೆಯತಕ್ಕುದು.